ಎಂಟೂವರೆಯ ಮಳೆ: ಮನೆಪಾಠಕ್ಕೆ ಕೊಂಡ ಮಳೆಮಾಪಕದೊಡನೆ ಐದು ತಿಂಗಳು

ಕಳೆದ ಮೇ ತಿಂಗಳ ಮೂರನೆಯ ವಾರ ಶಿವಮೊಗ್ಗದ ಒಂದು ಕೃಷಿ ಸಲಕರಣೆಗಳ ಅಂಗಡಿಯ ಮೂಲಕ ₹2,150 ಕೊಟ್ಟು ಒಂದು ಪ್ಲಾಸ್ಟಿಕ್ ಮಳೆಮಾಪಕವನ್ನು ತರಿಸಿಕೊಂಡೆವು. ರೋಹಿಣಿ ಮಳೆಯಿಂದ ಚಿತ್ತಾ ಮಳೆಯವರೆಗೆ, ಅಂದರೆ ಬೇಸಿಗೆಯ ಕೊನೆಯಿಂದ ಶರದೃತುವಿನ ಹುಣ್ಣಿಮೆ ಕಳೆಯುವವರೆಗೆ, ಅದನ್ನು ದಿನ ಬಿಡದೆ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಮಕ್ಕಳಿಗೆ ಮನೆಯಲ್ಲಿಯೇ ಪಾಠ ಹೇಳುವ ಮಲೆನಾಡಿನ ಕುಟುಂಬಗಳು ಇದನ್ನು ಧೈರ್ಯವಾಗಿ ಕೊಳ್ಳಬಹುದು ಎಂಬುದು ನನ್ನ ಅಭಿಪ್ರಾಯ. ಆದರೆ ಇದರಲ್ಲಿ ಕೆಲವು ಕೊರತೆಗಳಿವೆ, ಅವುಗಳಲ್ಲಿ ಒಂದೆರಡು ನಮ್ಮ ಕಡೆಯ ಮಳೆಗೆ ಸಣ್ಣವೇನೂ ಅಲ್ಲ. ಅವನ್ನು ತಿಳಿದುಕೊಂಡೇ ಕೊಳ್ಳುವುದು ಒಳ್ಳೆಯದು.

ನಮ್ಮದು ಹೊಸನಗರ ತಾಲ್ಲೂಕಿನಲ್ಲಿ, ನಗರ ಎಂಬ ಊರಿನ ಕಡೆಗೆ ಹೋಗುವ ದಾರಿಯಿಂದ ಒಳಗಿರುವ ಒಂದು ಹಳ್ಳಿ. ಹತ್ತು ವರ್ಷದ ಮಗಳು, ಏಳು ವರ್ಷದ ಮಗ, ನಾವಿಬ್ಬರು ಮತ್ತು ಮಾವನವರು ಇರುವ ಮನೆ. ಸ್ವಲ್ಪ ಅಡಕೆ ತೋಟ, ಸ್ವಲ್ಪ ಗದ್ದೆ. ಮೂರು ವರ್ಷಗಳಿಂದ ಮಕ್ಕಳಿಬ್ಬರಿಗೂ ಮನೆಯಲ್ಲಿಯೇ ಕಲಿಸುತ್ತಿದ್ದೇವೆ. ಮುಂದೆ 14 ವರ್ಷ ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಿಸುವ ಆಲೋಚನೆಯಿದೆ. ಪಾಠ ಹೇಳುವುದು ನನಗೆ ಕಷ್ಟವೆನಿಸಿಲ್ಲ. ಕಷ್ಟವೆನಿಸಿದ್ದು ಮಳೆಗಾಲದ ದಿನಗಳಿಗೆ ಒಂದು ಕ್ರಮ ಕೊಡುವುದು. ಬೇಸಿಗೆಯಲ್ಲಿ ಬಿಸಿಲೇ ನಮ್ಮ ವೇಳಾಪಟ್ಟಿಯಾಗಿತ್ತು: ಅಂಗಳದಲ್ಲಿ ಹಪ್ಪಳ ಒಣಗಲು ಹಾಕುವ ಹೊತ್ತಿಗೆ ಕನ್ನಡ, ಬಿಸಿಲು ಜಗಲಿಯ ಮೆಟ್ಟಿಲು ಹತ್ತುವ ಹೊತ್ತಿಗೆ ಲೆಕ್ಕ. ಜೂನ್ ಹಿಡಿಯಿತೆಂದರೆ ಬೆಳಗು ಯಾವುದು, ಮಧ್ಯಾಹ್ನ ಯಾವುದು ಎಂಬುದೇ ತಿಳಿಯದಂತೆ ಮೋಡ ಕವಿಯುತ್ತದೆ, ಕರೆಂಟ್ ಹೋದರೆ ಮೂರು ದಿನಕ್ಕೆ ಬರುವುದಿಲ್ಲ, ಮಕ್ಕಳು ಬಚ್ಚಲ ಒಲೆಯ ಮುಂದೆ ಕುಳಿತರೆ ಏಳುವುದಿಲ್ಲ. ಶಾಲೆಗೆ ಹೋಗುವ ಮಕ್ಕಳಿಗೆ ಗಂಟೆಯಿದೆ, ನಮ್ಮ ಮನೆಗೆ ಗಂಟೆಯಿರಲಿಲ್ಲ. ಹಿಂದಿನ ಎರಡು ಮಳೆಗಾಲಗಳಲ್ಲಿ ಪಾಠದ ಕ್ರಮವೇ ತಪ್ಪಿಹೋಗಿ, ದಸರೆಯ ಹೊತ್ತಿಗೆ ಎಲ್ಲವನ್ನೂ ಹೊಸದಾಗಿ ಹಿಡಿಯಬೇಕಾಗಿ ಬಂದದ್ದನ್ನು ಕಂಡೇ ಈ ಮಾಪಕವನ್ನು ತರಿಸಿದ್ದು. ಭಾರತೀಯ ಹವಾಮಾನ ಇಲಾಖೆ ದೇಶದ ಉದ್ದಗಲಕ್ಕೂ ಬೆಳಿಗ್ಗೆ 8.30ಕ್ಕೆ ಮಳೆಯನ್ನು ಅಳೆಯುತ್ತದೆ. ಹಿಂದಿನ ದಿನದ 8.30ರಿಂದ ಇಂದಿನ 8.30ರವರೆಗೆ ಬಿದ್ದದ್ದು ಒಂದು ದಿನದ ಮಳೆ. ಆ ಎಂಟೂವರೆಯನ್ನೇ ನಮ್ಮ ಮನೆಯ ಗಂಟೆಯಾಗಿ ಮಾಡಿಕೊಳ್ಳಬಹುದೇ ಎಂಬ ಆಸೆಯಿತ್ತು.

ಮಾಪಕದ ರಚನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದರ ಗುಣವೂ ದೋಷವೂ ಆ ರಚನೆಯಲ್ಲಿಯೇ ಇವೆ. ಇದರಲ್ಲಿ ಮೂರು ಭಾಗಗಳು: ಮೇಲೆ ಆಲಿಕೆ, ಅದರ ಕೆಳಗೆ ಗೆರೆಗಳಿರುವ ತೆಳ್ಳನೆಯ ಒಳಕೊಳವೆ, ಎರಡನ್ನೂ ಹಿಡಿದುಕೊಳ್ಳುವ ದಪ್ಪನೆಯ ಹೊರಡಬ್ಬಿ. ಆಲಿಕೆಯ ಬಾಯಿಯ ವ್ಯಾಸ 10 ಸೆಂ.ಮೀ.ಗಿಂತ ತುಸು ಹೆಚ್ಚು. ಒಳಕೊಳವೆಯ ವ್ಯಾಸ 3.2 ಸೆಂ.ಮೀ. ಮಗಳು ಎರಡರ ಬಾಯಿಯನ್ನೂ ಗ್ರಾಫ್ ಹಾಳೆಯ ಮೇಲೆ ಬೋರಲು ಹಾಕಿ, ಪೆನ್ಸಿಲಿನಿಂದ ಸುತ್ತು ಗೆರೆ ಎಳೆದು, ಒಳಗಿನ ಚೌಕಗಳನ್ನು ಎಣಿಸಿದಳು. ದೊಡ್ಡ ವೃತ್ತದಲ್ಲಿ ಚಿಕ್ಕದರ ಸುಮಾರು ಹತ್ತು ಪಟ್ಟು ಚೌಕಗಳು ಬಂದವು. ಹೀಗೆ ಆಲಿಕೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಳಕೊಳವೆಯಲ್ಲಿ ಅದು ಒಂದು ಸೆಂಟಿಮೀಟರ್ ಎತ್ತರಕ್ಕೆ ನಿಲ್ಲುತ್ತದೆ, ಆದ್ದರಿಂದಲೇ 0.2 ಮಿ.ಮೀ.ನಷ್ಟು ಸಣ್ಣ ಮಳೆಯನ್ನೂ ಬರಿಗಣ್ಣಿನಿಂದ ಓದಬಹುದು. ಒಂದು ಮಿಲಿಮೀಟರ್ ಎಂದರೆ ಈ ಆಲಿಕೆಯ ಮಟ್ಟಿಗೆ ಕೇವಲ 8 ಮಿ.ಲೀ. ನೀರು, ಒಂದೂವರೆ ಟೀ ಚಮಚೆಯಷ್ಟು. ವೃತ್ತದ ಕ್ಷೇತ್ರಫಲದ ಸೂತ್ರವನ್ನು ನಾನು ಇನ್ನೂ ಹೇಳಿಕೊಟ್ಟಿರಲಿಲ್ಲ, ಆದರೆ ವ್ಯಾಸ ಮೂರು ಪಟ್ಟಾದರೆ ಜಾಗ ಒಂಬತ್ತು ಪಟ್ಟಾಗುತ್ತದೆ ಎಂಬುದು ಅವಳಿಗೆ ಅಂದೇ ಮನದಟ್ಟಾಯಿತು.

ಒಳಕೊಳವೆಯಲ್ಲಿ ಹಿಡಿಯುವುದು 25 ಮಿ.ಮೀ. ಮಳೆ ಮಾತ್ರ. ಅದು ತುಂಬಿ ಹೊರಚೆಲ್ಲಿದ ನೀರು ಹೊರಡಬ್ಬಿಯಲ್ಲಿ ನಿಲ್ಲುತ್ತದೆ, ಎಲ್ಲ ಸೇರಿ 280 ಮಿ.ಮೀ.ವರೆಗೆ ಹಿಡಿಯುತ್ತದೆ. ಅಗ್ಗದ ಮಾಪಕಗಳಲ್ಲಿ ಹೆಚ್ಚಿನವು 100 ಅಥವಾ 150 ಮಿ.ಮೀ.ಗೆ ತುಂಬಿಹೋಗುತ್ತವೆ. ಬಯಲುಸೀಮೆಗೆ ಅಷ್ಟು ಸಾಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆಯಾದರೆ, ಅಲ್ಲಿಂದ ನೂರು ಕಿಲೋಮೀಟರ್ ಒಳಗೇ ಇರುವ ಶಿವಮೊಗ್ಗ ನಗರದಲ್ಲಿ ಅದು ಸಾವಿರದ ಆಸುಪಾಸಿಗೆ ಇಳಿಯುತ್ತದೆ; ಆಗುಂಬೆ, ಹುಲಿಕಲ್, ನಗರದ ಸೆರಗಿನಲ್ಲಿರುವವರು ದೊಡ್ಡ ಡಬ್ಬಿಯದನ್ನೇ ಕೊಳ್ಳಬೇಕು. ಅಂಗಡಿಯವರು ಮೊದಲು ನಮಗೆ ತೋರಿಸಿದ್ದೂ 150 ಮಿ.ಮೀ.ನದೇ. ಊರಿನ ಹೆಸರು ಹೇಳಿದ ಮೇಲೆ ಅವರೇ ಅದನ್ನು ಬದಿಗಿಟ್ಟು ಇದನ್ನು ತರಿಸಿಕೊಟ್ಟರು.

ಎಲ್ಲಿ ನಿಲ್ಲಿಸುವುದು ಎಂಬ ಪ್ರಶ್ನೆಯೇ ಬೇಸಿಗೆಯ ಕೊನೆಯ ದೊಡ್ಡ ಪಾಠವಾಯಿತು. ಮರವಾಗಲಿ ಮನೆಯಾಗಲಿ, ಅದರ ಎತ್ತರದ ಕನಿಷ್ಠ ಎರಡು ಪಟ್ಟು ದೂರದಲ್ಲಿ ಮಾಪಕವಿರಬೇಕು. ಇಲ್ಲದಿದ್ದರೆ ಗಾಳಿಯ ಮಳೆ ಅದಕ್ಕೆ ಸರಿಯಾಗಿ ತಾಗುವುದಿಲ್ಲ, ಎಲೆಯ ಹನಿ ಬಿದ್ದು ಲೆಕ್ಕ ಕೆಡುತ್ತದೆ. ಅಡಕೆ ಮರದ ಎತ್ತರ ತಿಳಿಯದೆ ದೂರ ಹೇಗೆ ತಿಳಿದೀತು? ಮೋಡವಿಲ್ಲದ ಒಂದು ಬೆಳಿಗ್ಗೆ ಒಂದು ಮೀಟರ್ ಉದ್ದದ ದಬ್ಬೆಯನ್ನು ನೆಟ್ಟಗೆ ನಿಲ್ಲಿಸಿ ಮಕ್ಕಳು ನೆರಳು ಅಳೆದರು: 80 ಸೆಂ.ಮೀ. ಅದೇ ಕ್ಷಣದಲ್ಲಿ ತೋಟದಂಚಿನ ಮರದ ನೆರಳು 9.6 ಮೀಟರ್. ಮರ 12 ಮೀಟರ್ ಎತ್ತರವಿದೆ, ಹಾಗಾದರೆ 24 ಮೀಟರ್ ದೂರ ಬೇಕು. ಅಷ್ಟು ಬಯಲು ಅಂಗಳದಲ್ಲಿಲ್ಲ. ಕೊನೆಗೆ ಗದ್ದೆಯಂಚಿನ ಕಣದ ಮೂಲೆಯಲ್ಲಿ ಕಂಬ ಹುಗಿದೆವು. ಮನೆಯಿಂದ ಅಲ್ಲಿಗೆ ಹೋಗಿಬರಲು ಹತ್ತು ನಿಮಿಷ. ನಡುವೆ ಒಂದು ಕಾಲುಸಂಕ, ಜೂನ್ ನಂತರ ಉದ್ದಕ್ಕೂ ಉಂಬಳ, ಅಂದರೆ ಜಿಗಣೆ. ಮಾಪಕವನ್ನು ಮನೆಯ ಹತ್ತಿರವೇ ಇಡಬಹುದಿತ್ತಲ್ಲ ಎಂದು ನಮ್ಮ ಮನೆಯವರು ಆಗಾಗ ಹೇಳಿದ್ದುಂಟು. ದಿನಕ್ಕೊಮ್ಮೆ ಮಕ್ಕಳು ಕೊಪ್ಪೆ ಹೊದ್ದು ಹೊರಗೆ ಬೀಳುವಂತಾದದ್ದು ಆ ದೂರದಿಂದಲೇ, ಅದಕ್ಕಾಗಿ ನಾನು ಆ ಜಾಗವನ್ನು ಬದಲಿಸಲು ಒಪ್ಪಲಿಲ್ಲ.

ಜೂನ್ ಮೊದಲ ವಾರದ ಅಂಕಿಗಳು ಒಳಕೊಳವೆಯಲ್ಲಿಯೇ ಮುಗಿದವು. ನೀರಿನ ಮೇಲ್ಮೈ ಕೊಳವೆಯ ಅಂಚಿನಲ್ಲಿ ಸ್ವಲ್ಪ ಮೇಲೆದ್ದು ನಡುವೆ ತಗ್ಗಿರುತ್ತದೆ, ಆ ತಗ್ಗಿನ ಗೆರೆಯನ್ನೇ ಓದಬೇಕು, ಕಣ್ಣು ನೀರಿನ ಮಟ್ಟದಲ್ಲಿಯೇ ಇರಬೇಕು. ಏಳು ವರ್ಷದವನ ಕಣ್ಣು ಕಂಬದ ಮಟ್ಟಕ್ಕೆ ಸರಿಯಾಗಿತ್ತು, ಅಕ್ಕ ಬಗ್ಗಬೇಕಿತ್ತು. ಹೀಗಾಗಿ ಓದುವ ಕೆಲಸ ಅವನದು, ಬರೆಯುವ ಕೆಲಸ ಅವಳದು ಎಂದು ತಾವೇ ಹಂಚಿಕೊಂಡರು. ದಶಮಾಂಶ ಎಂದರೇನು ಎಂದು ನಾನು ಹಿಂದಿನ ಚಳಿಗಾಲದಲ್ಲಿ ಎರಡು ವಾರ ಹೇಳಿದರೂ ತಲೆಗೆ ಹತ್ತದಿದ್ದ ಮಗನಿಗೆ, ಹನ್ನೆರಡು ದಾಟಿ ಹದಿಮೂರು ಮುಟ್ಟದ ನೀರನ್ನು 12.6 ಎಂದು ಓದುವುದು ನಾಲ್ಕು ದಿನದಲ್ಲಿ ಬಂದಿತು.

ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಎಂಬ ಮಾತಿನ ಅರ್ಥ ಮಕ್ಕಳಿಗೆ ತಿಳಿದದ್ದು ಜೂನ್ 22ರ ನಂತರ. ಅಲ್ಲಿಂದ ಮುಂದೆ ಒಳಕೊಳವೆ ದಿನವೂ ತುಂಬಿಯೇ ಇರುತ್ತಿತ್ತು, ನೀರು ಹೊರಡಬ್ಬಿಗೆ ಇಳಿದಿರುತ್ತಿತ್ತು. ಅಂಥ ದಿನ ಅಳೆಯುವ ವಿಧಾನ ಹೀಗೆ: ತುಂಬಿದ ಕೊಳವೆಯ 25ನ್ನು ಬರೆದು ಚೆಲ್ಲಬೇಕು, ಹೊರಡಬ್ಬಿಯ ನೀರನ್ನು ಆಲಿಕೆಯ ಮೂಲಕ ಮತ್ತೆ ಕೊಳವೆಗೆ ತುಂಬಿ, ಓದಿ, ಬರೆದು, ಚೆಲ್ಲಿ, ಮುಗಿಯುವವರೆಗೆ ಹೀಗೆಯೇ ಮಾಡಬೇಕು. ಜುಲೈ ಎರಡನೆಯ ವಾರದ ಒಂದು ಬೆಳಿಗ್ಗೆ ಪುಸ್ತಕದಲ್ಲಿ 25, 25, 25, 25 ಎಂದು ನಾಲ್ಕು ಸಲ ಬರೆದ ಮೇಲೆ 14.2 ಉಳಿಯಿತು, ಒಟ್ಟು 114.2. ಹವಾಮಾನ ಇಲಾಖೆಯ ಪ್ರಕಾರ 64.5ರಿಂದ 115.5 ಮಿ.ಮೀ.ವರೆಗೆ ಭಾರಿ ಮಳೆ, 115.6ರಿಂದ 204.4ರವರೆಗೆ ಅತಿ ಭಾರಿ ಮಳೆ. ಇನ್ನು 1.4 ಬಿದ್ದಿದ್ದರೆ ನಮ್ಮದೂ ಅತಿ ಭಾರಿಯಾಗುತ್ತಿತ್ತು ಎಂದು ಮಗ ಕಳೆದು ಹೇಳಿದ, ಯಾರೂ ಅವನಿಗೆ ಆ ಲೆಕ್ಕವನ್ನು ಕೊಟ್ಟಿರಲಿಲ್ಲ. ಅದೇ ದಿನ ಜಿಲ್ಲಾಡಳಿತ ಶಾಲೆಗಳಿಗೆ ರಜೆ ಕೊಟ್ಟಿತ್ತು. ಪಕ್ಕದ ಮನೆಯ ಮೂವರು ಮಕ್ಕಳು ಹತ್ತು ಗಂಟೆಗೆ ನಮ್ಮ ಜಗಲಿಗೆ ಬಂದು, ‘ಅತ್ತೇ, ಇವತ್ತು ಎಷ್ಟು ಬಂತು?’ ಎಂದು ಮೊದಲು ಕೇಳಿದ್ದು ಅದನ್ನೇ. ಮುಂದಿನ ರಜೆಗಳಲ್ಲಿ ಅವರು ಎಂಟೂವರೆಗೇ ಬರತೊಡಗಿದರು.

ಇಲ್ಲಿಯೇ ಈ ಮಾಪಕದ ಮೊದಲ ಕೊರತೆಯಿದೆ. ಜಡಿಮಳೆಯಲ್ಲಿ ಕಂಬದ ಬಳಿ ನಿಂತು ಐದಾರು ಸಲ ಸುರಿಯುವುದು ಸಾಧ್ಯವಿಲ್ಲ, ಸುರಿಯುವ ನೀರಿನ ಜೊತೆಗೆ ಬೀಳುವ ನೀರೂ ಸೇರುತ್ತದೆ. ಹಾಗಾಗಿ ಡಬ್ಬಿಯನ್ನೇ ಕಂಬದಿಂದ ತೆಗೆದು ಕಣದ ಮಾಡಿನ ಕೆಳಗೆ ಒಯ್ದು ಅಳೆಯಬೇಕು, ಆ ಹತ್ತು ನಿಮಿಷ ಕಂಬ ಖಾಲಿಯಿರುತ್ತದೆ. ಜೋರು ಮಳೆಯಲ್ಲಿ ಹತ್ತು ನಿಮಿಷಕ್ಕೆ ಎರಡು ಮೂರು ಮಿಲಿಮೀಟರ್ ತಪ್ಪಿಹೋಗುವುದು ಸುಲಭ. ತಯಾರಕರು ಇನ್ನೊಂದು ಹೊರಡಬ್ಬಿಯನ್ನು ಜೊತೆಗೆ ಕೊಟ್ಟಿದ್ದರೆ, ಇಲ್ಲವೇ ಬಿಡಿಯಾಗಿ ಮಾರುತ್ತಿದ್ದರೆ, ಒಂದನ್ನು ತೆಗೆಯುತ್ತಿದ್ದಂತೆ ಇನ್ನೊಂದನ್ನು ಕೂರಿಸಬಹುದಿತ್ತು. ನಾವು ಬಿಡಿಡಬ್ಬಿ ಕೇಳಿದಾಗ ಸಿಗುವುದಿಲ್ಲ ಎಂಬ ಉತ್ತರ ಬಂತು.

ಜುಲೈ ಮೂರನೆಯ ವಾರ ಒಂದು ಬೆಳಿಗ್ಗೆ, ಡಬ್ಬಿಯನ್ನು ಮಾಡಿನ ಕೆಳಗೆ ಒಯ್ಯುವಾಗ ಮಗ ಪಾಚಿಯ ಮೇಲೆ ಜಾರಿದ. ಅವನಿಗೆ ಪೆಟ್ಟಾಗಲಿಲ್ಲ, ನೀರೆಲ್ಲ ಚೆಲ್ಲಿತು. ಇಡೀ ರಾತ್ರಿ ಹೆಂಚಿನ ಮೇಲೆ ಕಲ್ಲು ಸುರಿದಂತೆ ಹೊಯ್ದಿದ್ದ ಮಳೆ, ಬಹುಶಃ ಆ ವರ್ಷದಲ್ಲೇ ದೊಡ್ಡದು. ಅವನು ಅಳುತ್ತ ಮನೆಗೆ ಬಂದು, ನೂರೈವತ್ತು ಎಂದು ಬರೆಯೋಣವೇ, ಪಂಚಾಯಿತಿಯ ಮಾಪಕದ ಅಂಕಿಯನ್ನು ಕೇಳಿ ಬರೆಯೋಣವೇ ಎಂದು ಕೇಳಿದ. ಅಕ್ಕ ಒಂದು ಕ್ಷಣ ಯೋಚಿಸಿ ಆ ದಿನದ ಮುಂದೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ‘ಚೆಲ್ಲಿತು’ ಎಂದು ಬರೆದಳು. ಸೊನ್ನೆ ಬರೆದರೆ ಮಳೆ ಬಂದಿಲ್ಲವೆಂದಾಗುತ್ತದೆ, ನೂರೈವತ್ತು ಬರೆದರೆ ನಾವು ಅಳೆದೆವೆಂದಾಗುತ್ತದೆ, ಎರಡೂ ನಿಜವಲ್ಲ ಎಂದು ಅವನಿಗೆ ವಿವರಿಸಿದ್ದೂ ಅವಳೇ. ತಿಂಗಳ ಕೊನೆಗೆ ಮೊತ್ತ 1,742.6 ಬಂದಾಗ ಅದರ ಕೆಳಗೆ ‘30 ದಿನಗಳದ್ದು, ಒಂದು ದಿನ ಓದಿಲ್ಲ’ ಎಂದು ಸೇರಿಸಿದಳು. ಈ ಮಾಪಕಕ್ಕೆ ಕೊಟ್ಟ ಹಣವೆಲ್ಲ ನನಗೆ ಆ ಒಂದು ಸಾಲಿನಲ್ಲಿ ಮರಳಿ ಬಂತು. ಮನೆಯಲ್ಲಿ ಪಾಠ ಹೇಳುವ ನಮ್ಮಂಥವರಿಗೆ ಮಕ್ಕಳ ಉತ್ತರವನ್ನು ತಿದ್ದುವವರೂ ನಾವೇ, ಅಂಕ ಕೊಡುವವರೂ ನಾವೇ. ನಾವು ಒಪ್ಪಿದರೂ ಒಪ್ಪದಿದ್ದರೂ ಬದಲಾಗದ ಒಂದು ಉತ್ತರ ದಿನವೂ ಎದುರಿಗಿರುವುದು ಬಹಳ ದೊಡ್ಡ ಸಹಾಯ.

ಮಾವನವರು ಮೊದಮೊದಲು ಈ ಡಬ್ಬಿಯ ಕಡೆಗೆ ತಿರುಗಿಯೂ ನೋಡಲಿಲ್ಲ. ಅವರ ಲೆಕ್ಕ ಪಂಚಾಂಗದ ಮಳೆ ನಕ್ಷತ್ರಗಳದು, ಅವರ ಅಳತೆ ಹಳ್ಳದ್ದು. ‘ನಿನ್ನ ಅಂಕಿ ಸರಿ ಇರಬಹುದು ಪುಟ್ಟಿ, ಹಳ್ಳ ಸಂಕಕ್ಕೆ ಮುಟ್ಟಿದೆಯೋ ಇಲ್ಲವೋ, ಅದನ್ನೂ ನೋಡಿ ಬಂದೆಯಾ?’ ಎಂದು ಅವರು ಕೇಳಿದ ದಿನದಿಂದ ಪುಸ್ತಕದಲ್ಲಿ ಹಳ್ಳಕ್ಕೊಂದು ಸಾಲು ಹೆಚ್ಚಾಯಿತು. ಮಗಳು ಅಜ್ಜನ ನಕ್ಷತ್ರಗಳನ್ನೂ ಕೇಳಿ ಬರೆದುಕೊಂಡಳು. ವರ್ಷದ 365 ದಿನಗಳನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದಕ್ಕೆ ಹದಿಮೂರೂವರೆ ದಿನ ಬರುತ್ತದೆ, ಪಂಚಾಂಗದ ಮಳೆಗಳು ಹದಿಮೂರು ಹದಿನಾಲ್ಕು ದಿನಕ್ಕೊಮ್ಮೆ ಬದಲಾಗುವುದು ಅದಕ್ಕಾಗಿಯೇ ಎಂದು ತಿಳಿದ ಮೇಲೆ ತಿಂಗಳ ಮೊತ್ತದ ಜೊತೆಗೆ ಮೃಗಶಿರಾ ಇಷ್ಟು, ಆರಿದ್ರಾ ಇಷ್ಟು ಎಂದು ನಕ್ಷತ್ರದ ಮೊತ್ತವನ್ನೂ ಹಾಕತೊಡಗಿದಳು. ಪುನರ್ವಸು ಮತ್ತು ಪುಷ್ಯ ಎಲ್ಲಕ್ಕಿಂತ ಮುಂದಿದ್ದವು, ಅಜ್ಜ ಮೇ ತಿಂಗಳಲ್ಲಿಯೇ ಹೇಳಿದ್ದೂ ಅದನ್ನೇ. ಮಘೆಯ ಮಳೆ ಬಂದಷ್ಟೂ ಒಳ್ಳೆಯದು, ಮನೆಯ ಮಗ ಉಂಡಷ್ಟೂ ಒಳ್ಳೆಯದು ಎನ್ನುತ್ತ ಅವರು ಕಾದ ಮಘೆ ಮಾತ್ರ ಈ ಸಲ ಕಡಿಮೆಯಾಯಿತು. ಆಗಸ್ಟ್ ಕೊನೆಯ ಹೊತ್ತಿಗೆ ಬೆಳಿಗ್ಗೆ ಎಂಟೂವರೆಗೆ ಮಕ್ಕಳಿಗಿಂತ ಮುಂಚೆ ಅವರೇ ಕೊಡೆ ಹಿಡಿದು ಜಗಲಿಯಲ್ಲಿ ನಿಂತಿರುತ್ತಿದ್ದರು.

ತೋಟದ ಕೆಲಸಕ್ಕೂ ಇದು ಒದಗಿದ್ದನ್ನು ಹೇಳಬೇಕು, ಏಕೆಂದರೆ ಅಡಕೆಯವರು ಕೊಳ್ಳುವುದಾದರೆ ಅವರ ಮನಸ್ಸಿನಲ್ಲಿರುವುದು ಇದೇ ಪ್ರಶ್ನೆ. ಕೊಳೆರೋಗಕ್ಕೆ ಮುಂಗಾರು ಹಿಡಿಯುವ ಮೊದಲು ಒಮ್ಮೆ ಬೋರ್ಡೋ ದ್ರಾವಣ ಹೊಡೆದು, ಮತ್ತೆ 40ರಿಂದ 45 ದಿನಕ್ಕೆ ಎರಡನೆಯ ಸಲ ಹೊಡೆಯುವುದು ರೂಢಿ. ಆದರೆ ಜುಲೈಯಲ್ಲಿ ಮಳೆ ಬಿಟ್ಟ ಹೊಳವು ಸಿಗಬೇಕಲ್ಲ. ನಲವತ್ತೊಂದನೆಯ ದಿನ ಮಗಳು ಪುಸ್ತಕ ನೋಡಿ, ಮೊದಲ ಔಷಧಿಯ ಮೇಲೆ ಇಷ್ಟರಲ್ಲಾಗಲೇ 1,860 ಮಿ.ಮೀ. ಮಳೆ ಬಿದ್ದಿದೆ ಎಂದು ಅಪ್ಪನಿಗೆ ಹೇಳಿದಳು. ಹೊಳವಾದ ಮೊದಲ ದಿನವೇ ಬೇರೆ ಕೆಲಸ ಬಿಟ್ಟು ಔಷಧಿ ಹೊಡೆಸಲು ಆ ಅಂಕಿಯೇ ಕಾರಣವಾಯಿತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕಲಸಿದ್ದು ಹದವಾಯಿತೇ ಎಂದು ನೋಡಲು ಹೊಳೆಯುವ ಕತ್ತಿಯನ್ನು ಅದ್ದಿ, ಅಲಗಿಗೆ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ. ಮಕ್ಕಳಿಬ್ಬರೂ ಅಂದು ಬಕೆಟ್ಟಿನ ಬಳಿಯಿಂದ ಕದಲಲಿಲ್ಲ, ಅಂದಿನ ವಿಜ್ಞಾನದ ಪಾಠವನ್ನು ನಾನು ಬೇರೆ ಮಾಡಲಿಲ್ಲ.

ಉಳಿದ ಕೊರತೆಗಳನ್ನು ಬೇಗ ಹೇಳುತ್ತೇನೆ. ಕಂಬಕ್ಕೆ ಬಿಗಿಯುವ ಪಟ್ಟಿಯ ಜೊತೆ ಕೊಟ್ಟಿದ್ದ ತಿರುಪುಗಳು ಜೂನ್ ಮುಗಿಯುವುದರೊಳಗೆ ತುಕ್ಕು ಹಿಡಿದವು, ನಾವು ಹೊಸನಗರದಿಂದ ಸ್ಟೀಲಿನ ತಿರುಪು ತಂದು ಹಾಕಿದೆವು. ಬಳಕೆಯ ವಿವರವಿರುವ ಹಾಳೆ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಕರ್ನಾಟಕದ ರೈತರಿಗೆ ಮಾರುವ ಸಲಕರಣೆಗೆ ಒಂದು ಪುಟ ಕನ್ನಡವಿಲ್ಲದಿರುವುದು ನನಗೆ ನಿಜಕ್ಕೂ ಬೇಸರ ತಂದಿತು, ಕೊನೆಗೆ ಮಗಳು ಅದನ್ನು ಕನ್ನಡಕ್ಕೆ ಇಳಿಸಿ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿದಳು. ಒಳಕೊಳವೆಯ ತಳದಲ್ಲಿ ಮೂರು ವಾರಕ್ಕೆ ಹಸಿರು ಪಾಚಿ ಕಟ್ಟುತ್ತದೆ, ಬಾಟಲಿ ತೊಳೆಯುವ ಬ್ರಷ್ ತೆಳ್ಳಗಿದ್ದರೆ ಮಾತ್ರ ಒಳಗೆ ಹೋಗುತ್ತದೆ, ಸೋಪಿನ ಪುಡಿ ಉಜ್ಜಿದರೆ ಪ್ಲಾಸ್ಟಿಕ್ ಮಬ್ಬಾಗುತ್ತದೆ. ಗೆರೆಗಳ ಕಪ್ಪು ಬಣ್ಣ ಮಾತ್ರ ಐದು ತಿಂಗಳಲ್ಲಿ ಒಂದಿಷ್ಟೂ ಮಾಸಲಿಲ್ಲ. ಶಾಯಿ ಕದಡುವುದರಿಂದ ಬರೆಯಲು ಪೆನ್ಸಿಲನ್ನೇ ಬಳಸಬೇಕು; ನಾವು ಮಾಪಕ ಓದಿ ಬಂದ ಕೂಡಲೇ ಪುಸ್ತಕವನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿಡುತ್ತಿದ್ದೆವು, ಈಗ ಅದರ ಪುಟಗಳಿಗೆಲ್ಲ ಹೊಗೆಯ ವಾಸನೆಯಿದೆ.

ಪಂಚಾಯಿತಿಯ ಮಾಪಕದ ವಿಷಯ ಬಂತು. ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ತಾನಾಗಿ ಅಳೆದು ಕಳುಹಿಸುವ ಮಳೆಮಾಪಕಗಳನ್ನು ಇರಿಸಿದೆ. ಹಾಗಿದ್ದ ಮೇಲೆ ಮನೆಗೊಂದು ಏಕೆ ಎಂದು ನೆಂಟರೊಬ್ಬರು ಕೇಳಿದರು. ನಮ್ಮಲ್ಲಿಂದ ಪಂಚಾಯಿತಿಗೆ ಮೂರು ಕಿಲೋಮೀಟರ್, ನಡುವೆ ಒಂದು ಗುಡ್ಡ. ಎರಡೂ ಕಡೆಯ ಅಂಕಿಗಳು ಒಮ್ಮೊಮ್ಮೆ ಮೂವತ್ತು ಮಿಲಿಮೀಟರಿನಷ್ಟು ಬೇರೆಯಾಗಿರುತ್ತಿದ್ದವು. ಮೊದಲ ಸಲ ಹಾಗಾದಾಗ ನಮ್ಮದೇ ತಪ್ಪು ಎಂದುಕೊಂಡೆವು, ಗುಡ್ಡ ಹತ್ತಿ ನಿಂತು ಮೋಡ ಒಂದೇ ಬದಿಗೆ ಸುರಿಯುವುದನ್ನು ಮಕ್ಕಳು ಕಣ್ಣಾರೆ ಕಂಡ ಮೇಲೆ ಆ ಅನುಮಾನ ಹೋಯಿತು.

ಸೆಪ್ಟೆಂಬರಿನಲ್ಲಿ ದಿನಗಳ ಸ್ವರೂಪವೇ ಬದಲಾಯಿತು, ಅದನ್ನು ಮಾಪಕ ನಮಗಿಂತ ಮೊದಲೇ ಹೇಳಿತು. ಉತ್ತರಾ ಮಳೆಯ ಹೊತ್ತಿಗೆ ಹೊರಡಬ್ಬಿಗೆ ನೀರು ಇಳಿಯುವುದು ನಿಂತು, 8.4, 3.0, 0.6 ಎಂಬಂಥ ಅಂಕಿಗಳು ಬರತೊಡಗಿದವು. ಇಲಾಖೆಯ ಲೆಕ್ಕದಲ್ಲಿ 2.5 ಮಿ.ಮೀ. ಬಿದ್ದರೆ ಮಾತ್ರ ಅದು ಮಳೆಯ ದಿನ. ಅಂಥ ದಿನದ ಗುರುತಾಗಿ ಜೂನ್ ಕೊನೆಯಿಂದ ಒಂದೂ ದಿನ ತಪ್ಪದೆ ಪುಸ್ತಕದಲ್ಲಿ ಬಿದ್ದಿದ್ದ ಕೆಂಪು ಚುಕ್ಕೆ ಸೆಪ್ಟೆಂಬರ್ 17ರಂದು ಮೊದಲ ಬಾರಿಗೆ ಬೀಳಲಿಲ್ಲ. ಹಸ್ತಾ ಮಳೆ ಬಂದದ್ದು ಬೇರೆ ಬಗೆಯಲ್ಲಿ: ಬೆಳಿಗ್ಗೆಯೆಲ್ಲ ಬಿಸಿಲು, ನಾಲ್ಕು ಗಂಟೆಗೆ ಮೂಡಣದಿಂದ ಗುಡುಗು, ಒಂದೇ ಗಂಟೆಯಲ್ಲಿ 28 ಮಿ.ಮೀ., ಆಮೇಲೆ ನಕ್ಷತ್ರ ತುಂಬಿದ ಆಕಾಶ. ಜುಲೈಯಲ್ಲಿ ಇಷ್ಟೇ ಮಳೆ ಇಡೀ ದಿನ ಹಿಡಿದು ಬೀಳುತ್ತಿತ್ತಲ್ಲ, ಇದು ಏಕೆ ಹೀಗೆ ಎಂದು ಮಗ ಕೇಳಿದ್ದರಿಂದ ಅಕ್ಟೋಬರಿನ ಮೊದಲ ವಾರದ ಭೂಗೋಳ ಪಾಠವೆಲ್ಲ ಗಾಳಿಯ ದಿಕ್ಕಿನದೇ ಆಯಿತು. ಪಡುವಣ ಕಡಲಿನಿಂದ ಬಂದು ಘಟ್ಟಕ್ಕೆ ಬಡಿಯುವ ಗಾಳಿ ಹಿಂದೆಗೆಯುವುದನ್ನು, ಹಗಲಿನ ಕಾವಿಗೆ ಮೋಡ ಎತ್ತರಕ್ಕೆ ಬೆಳೆಯುವುದನ್ನು ಕಣದಲ್ಲಿ ನಿಂತೇ ತೋರಿಸಬಹುದಾಗಿತ್ತು.

ಇದೇ ಹೊತ್ತಿನಲ್ಲಿ ಮಗಳು ಕೇಳಿದ ಇನ್ನೊಂದು ಪ್ರಶ್ನೆಗೆ ಉತ್ತರ ಹುಡುಕುವುದು ಇನ್ನೂ ಮುಗಿದಿಲ್ಲ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ನಮ್ಮ ಮನೆಯ ಮಾಡು 120 ಚದರ ಮೀಟರ್, ಜುಲೈಯ 1,742.6ನ್ನು ಅದರಿಂದ ಗುಣಿಸಿದರೆ 2,09,112 ಲೀಟರ್. ಒಂದು ಮಾಡಿನ ಮೇಲೆ ಒಂದೇ ತಿಂಗಳಲ್ಲಿ ಇಷ್ಟು ನೀರು ಬಿದ್ದರೂ ಏಪ್ರಿಲಿನಲ್ಲಿ ನಮ್ಮ ಬಾವಿ ತಳ ಕಾಣುವುದೇಕೆ? ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ, ಹಳ್ಳ ಹಿಡಿದು ಶರಾವತಿಗೆ ಸೇರಿ ಲಿಂಗನಮಕ್ಕಿಗೆ ಹೋಗುತ್ತದೆ ಎಂದು ಅಜ್ಜ ಹೇಳಿದರು. ಆಗಿನಿಂದ ಅವರಿಬ್ಬರೂ ಪತ್ರಿಕೆಯಲ್ಲಿ ಬರುವ ಲಿಂಗನಮಕ್ಕಿಯ ನೀರಿನ ಮಟ್ಟವನ್ನು ದಿನವೂ ಗ್ರಾಫ್‌ಗೆ ಏರಿಸುತ್ತಿದ್ದಾರೆ, 1964ರಲ್ಲಿ ಕಟ್ಟಿ ಮುಗಿದ ಆ ಅಣೆಕಟ್ಟೆಯ ಗರಿಷ್ಠ ಮಟ್ಟ 1,819 ಅಡಿ. ನಮ್ಮ ಕಣದಲ್ಲಿ ದೊಡ್ಡ ಮಳೆಯಾದ ಮೂರು ನಾಲ್ಕು ದಿನಗಳಲ್ಲಿ ಆ ಗೆರೆ ಮೇಲೇರಿರುವುದು ಹಾಳೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಬಾವಿಯ ಹಗ್ಗಕ್ಕೂ ಗಂಟು ಹಾಕಿ ವಾರಕ್ಕೊಮ್ಮೆ ನೀರಿನ ಆಳ ನೋಡುತ್ತಿದ್ದಾರೆ, ಈ ಗೆರೆ ಮುಂದಿನ ಬೇಸಿಗೆಯವರೆಗೆ ಸಾಗಬೇಕು.

ಭೂಮಿ ಹುಣ್ಣಿಮೆಯ ಬೆಳಗಿನ ಜಾವ, ಹೊಡೆ ತುಂಬಿದ ಗದ್ದೆಗೆ ಎಡೆ ಕೊಡಲು ಮನೆಮಂದಿಯೆಲ್ಲ ಬುಟ್ಟಿ ಹೊತ್ತು ಹೋದೆವು. ಭತ್ತದ ಎಲೆಗಳೆಲ್ಲ ಇಬ್ಬನಿಯಿಂದ ಭಾರವಾಗಿದ್ದವು. ಮಾವನವರು ಗದ್ದೆಯ ಸುತ್ತ ಚರಗ ಬೀರುತ್ತ ಬಂದವರು ಮಾಪಕದ ಕಂಬದ ಬುಡಕ್ಕೂ ಒಂದು ಹಿಡಿ ಹಾಕಿ ಮುಂದೆ ಹೋದರು. ಪೂಜೆ ಮುಗಿಸಿ ಅಲ್ಲಿಯೇ ಕುಳಿತು ಉಂಡು ಎಂಟೂವರೆಯಾಗುವುದನ್ನು ಕಾದೆವು. ಹಿಂದಿನ ಸಂಜೆ ಮಳೆಯಿರಲಿಲ್ಲ, ಆದರೂ ಕೊಳವೆಯ ತಳದಲ್ಲಿ ಮೊದಲ ಗೆರೆಗೂ ಮುಟ್ಟದ ಒಂದು ಹನಿಯಿತ್ತು. ಅದು ಮಳೆಯೋ ಇಬ್ಬನಿಯೋ ಎಂದು ಮಕ್ಕಳು ಬಹಳ ಹೊತ್ತು ಚರ್ಚಿಸಿ, 0.0 ಎಂದು ಬರೆದು, ಪಕ್ಕದಲ್ಲಿ ‘ಇಬ್ಬನಿಯ ಒಂದು ಹನಿ’ ಎಂದು ಸೇರಿಸಿದರು.

ಈಗ ಅಡಕೆಯ ಕೊನೆಕೊಯ್ಲು ಹತ್ತಿರ ಬರುತ್ತಿದೆ. ಬೆಳಿಗ್ಗೆ ಮಂಜು, ಹತ್ತಕ್ಕೆ ಬಿಸಿಲು, ಪಾಠ ಮತ್ತೆ ಜಗಲಿಯ ಮೆಟ್ಟಿಲಿಗೆ ಬಂದಿದೆ. ಈ ಸಲ ಯಾವುದನ್ನೂ ಮೊದಲಿನಿಂದ ಹಿಡಿಯಬೇಕಾಗಲಿಲ್ಲ. ಮಳೆಗಾಲದ ಉದ್ದಕ್ಕೂ ಎಂಟೂವರೆಗೆ ಕಣಕ್ಕೆ ಹೋಗಿ, ಒಂಬತ್ತಕ್ಕೆ ಬಂದು ಮೊತ್ತ ಹಾಕಿ, ಅಲ್ಲಿಂದಲೇ ಓದು ಬರಹಕ್ಕೆ ಕೂರುವುದು ಮಕ್ಕಳಿಗೆ ಅಭ್ಯಾಸವಾಗಿಹೋಗಿತ್ತು. ಆರು ವರ್ಷಕ್ಕಿಂತ ಚಿಕ್ಕ ಮಕ್ಕಳಿರುವ ಮನೆಗೆ ಇದು ಇನ್ನೂ ಬೇಡ. ಸುರಿದು ಅಳೆಯುವ ಕೆಲಸ ಅವರ ಕೈಯಲ್ಲಿ ನಿಲ್ಲುವುದಿಲ್ಲ. ಏಳರಿಂದ ಹನ್ನೆರಡರ ನಡುವಿನ ಮಕ್ಕಳಿದ್ದರೆ ಏಪ್ರಿಲಿನಲ್ಲಿಯೇ ಕೊಳ್ಳಿ, ಏಕೆಂದರೆ ನೆರಳು ಅಳೆದು ಜಾಗ ಗೊತ್ತು ಮಾಡಲು ಬಿಸಿಲು ಬೇಕು. 280 ಮಿ.ಮೀ. ಹಿಡಿಯುತ್ತದೆಯೇ, ಗೆರೆಗಳು ಮಿಲಿಮೀಟರಿನಲ್ಲಿವೆಯೇ ಎಂದು ಅಂಗಡಿಯಲ್ಲಿಯೇ ನೋಡಿಕೊಳ್ಳಿ, ಕೆಲವು ಮಾಪಕಗಳಲ್ಲಿ ಅಂಗುಲದ ಗೆರೆಗಳು ಮಾತ್ರ ಇರುತ್ತವೆ. ಸ್ಟೀಲಿನ ತಿರುಪುಗಳನ್ನು ಅದೇ ದಿನ ಕೊಂಡು ತನ್ನಿ. ಒಳಕೊಳವೆ ಒಡೆದರೆ ಬಿಡಿಯಾಗಿ ಸಿಗುತ್ತದೆಯೇ ಎಂದು ಹಣ ಕೊಡುವ ಮೊದಲೇ ಕೇಳಿ. ನಮಗೆ ಸಿಗುತ್ತದೆ ಎಂದಿದ್ದಾರೆ, ಒಂದನ್ನು ತರಿಸಿಡುವಂತೆ ಹೇಳಿ ಬಂದಿದ್ದೇನೆ.